ಎರಡರ ಅರವತ್ತನಾಲ್ಕನೆಯ ಘಾತಕ್ಕೆ ಒಂದು ಕಡಿಮೆ

18446744073709551615 ಇಪ್ಪತ್ತು ಅಂಕಿಗಳ ಒಂದು ಪೂರ್ಣಸಂಖ್ಯೆ. ಅರವತ್ತನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ಇದು ದೊರೆಯುತ್ತದೆ. ಗಣಿತದ ಬರವಣಿಗೆಯಲ್ಲಿ 2⁶⁴ − 1. ಚದುರಂಗದ ಮನೆಗಳ ಮೇಲೆ ಧಾನ್ಯ ಇಡುವ ಹಳೆಯ ಕಥೆ, ಹನೋಯ್ ಗೋಪುರವೆಂಬ ಆಟಿಕೆ, ಇಂದಿನ ಕಂಪ್ಯೂಟರಿನ ಒಳಗಿನ ಎಣಿಕೆ ಎಲ್ಲವೂ ಇದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ಜನ ಸಾಮಾನ್ಯವಾಗಿ ಮಾತಾಡುವುದು ಇದರ ಗಾತ್ರವನ್ನು. ಆದರೆ ಗಾತ್ರದಲ್ಲಿ ಇದನ್ನು ಮೀರಿಸುವ ಸಂಖ್ಯೆಗಳಿಗೆ ಕೊನೆಯಿಲ್ಲ. ಇದು ಒಡೆಯುವ ರೀತಿಗೆ ಸಾಟಿಯಾದ ಸಂಖ್ಯೆಗಳು ಮಾತ್ರ ವಿರಳ, ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ನಮ್ಮ ಕ್ರಮದಲ್ಲಿ ಅಲ್ಪವಿರಾಮ ಹಾಕಿ ಬರೆದರೆ ಇದು 1,84,46,74,40,73,70,95,51,615. ಕೋಟಿಯಿಂದ ಮೇಲಿನ ಸ್ಥಾನಗಳ ಹೆಸರು ಇಂದು ಬಳಕೆಯಲ್ಲಿ ಉಳಿದಿಲ್ಲವಾದ್ದರಿಂದ ಓದುವಾಗ ಕೋಟಿಯ ಮೇಲೆ ಕೋಟಿ ಹೇರಬೇಕಾಗುತ್ತದೆ: 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, 44 ಲಕ್ಷ 7 ಸಾವಿರದ 370 ಕೋಟಿ, 95 ಲಕ್ಷ 51 ಸಾವಿರದ 615. ಒಂಬತ್ತನೆಯ ಶತಮಾನದಲ್ಲಿ ಈ ತೊಡಕು ಇರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಹತ್ತೊಂಬತ್ತನೆಯದು ಶಂಖ, ಇಪ್ಪತ್ತನೆಯದು ಮಹಾಶಂಖ. ಆ ಲೆಕ್ಕದಲ್ಲಿ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ ಎಂದು ಶುರುವಾಗುತ್ತದೆ. ಅದರ ಮೇಲೂ ನಾಲ್ಕು ಸ್ಥಾನ ಖಾಲಿ ಉಳಿಯುತ್ತವೆ.

ಇಮ್ಮಡಿಯ ಮೊತ್ತ

ಒಂದರಿಂದ ಹೊರಟು ಪ್ರತಿಸಲವೂ ಇಮ್ಮಡಿಯಾಗುವ ಅರವತ್ತನಾಲ್ಕು ಪದಗಳನ್ನು ಕೂಡಿದರೆ, ಅಂದರೆ 1 + 2 + 4 + 8 + … + 2⁶³ ಮಾಡಿದರೆ, ಈ ಸಂಖ್ಯೆ ಬರುತ್ತದೆ. ಕಾರಣ ಸರಳ. ಇಮ್ಮಡಿಯ ಶ್ರೇಢಿಯಲ್ಲಿ ಯಾವ ಪದವನ್ನೇ ತೆಗೆದುಕೊಂಡರೂ ಅದು ಹಿಂದಿನ ಎಲ್ಲ ಪದಗಳ ಮೊತ್ತಕ್ಕಿಂತ ಒಂದೇ ಒಂದು ಹೆಚ್ಚು: 1 + 2 + 4ಕ್ಕೆ 7, ಮುಂದಿನ ಪದ 8. ಹಾಗಾಗಿ ಅರವತ್ತನಾಲ್ಕು ಪದಗಳ ಮೊತ್ತ ಅರವತ್ತೈದನೆಯ ಪದಕ್ಕಿಂತ ಒಂದು ಕಡಿಮೆ.

ಚದುರಂಗವನ್ನು ಕಂಡುಹಿಡಿದವನು ರಾಜನ ಬಳಿ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬಹುಮಾನ ಕೇಳಿದ ಕಥೆ ಅರಬ್ಬೀ ಬರಹಗಳಲ್ಲಿ ಹಲವು ರೂಪಗಳಲ್ಲಿ ಸಿಗುತ್ತದೆ. ಹದಿಮೂರನೆಯ ಶತಮಾನದ ಇಬ್ನ್ ಖಲ್ಲಿಕಾನ್ ತನ್ನ ಜೀವನಚರಿತ್ರೆಗಳ ಕೋಶದಲ್ಲಿ ಇದನ್ನು ಹೇಳುತ್ತ, ಆಟ ಕಟ್ಟಿದವನ ಹೆಸರು ಸಿಸ್ಸಾ, ರಾಜನ ಹೆಸರು ಶಿಹ್ರಾಂ ಎನ್ನುತ್ತಾನೆ. ಅದಕ್ಕಿಂತ ಎರಡೂವರೆ ಶತಮಾನ ಮೊದಲೇ, ಕ್ರಿ.ಶ. 1000ದ ಸುಮಾರಿಗೆ, ಅಲ್ ಬಿರೂನಿ ಪ್ರಾಚೀನ ಜನಾಂಗಗಳ ಕಾಲಗಣನೆಯನ್ನು ಕುರಿತ ಗ್ರಂಥದಲ್ಲಿ ಈ ಮೊತ್ತವನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಕೊಟ್ಟಿದ್ದ. ಕೇರಳದ ಅಂಬಲಪ್ಪುಳದಲ್ಲಿ ಕಥೆ ಕೃಷ್ಣನದಾಗುತ್ತದೆ: ಮುನಿಯ ವೇಷದಲ್ಲಿ ಬಂದು ಅರಸನನ್ನು ಚದುರಂಗದಲ್ಲಿ ಸೋಲಿಸಿ, ಅಕ್ಕಿಯ ಪಣ ಕೇಳಿ, ತೀರದ ಸಾಲಕ್ಕೆ ಬದಲಾಗಿ ದೇವಸ್ಥಾನದಲ್ಲಿ ದಿನವೂ ಪಾಯಸ ಹಂಚಲು ಹೇಳಿದನಂತೆ.

ಒಂದು ಅಕ್ಕಿಕಾಳನ್ನು 25 ಮಿಲಿಗ್ರಾಂ ಎಂದು ಹಿಡಿದರೆ ಮೊದಲ ಮೂವತ್ತೆರಡು ಮನೆಗಳ ಒಟ್ಟು ಅಕ್ಕಿ ಸುಮಾರು 107 ಟನ್. ಅದನ್ನು ಹತ್ತಾರು ಲಾರಿಗಳಲ್ಲಿ ಹೇರಿ ಕಳಿಸಬಹುದು. ರಾಜನಿಗೆ ಇನ್ನೂ ಆತಂಕವಾಗಬೇಕಿಲ್ಲ. ಅರವತ್ತನಾಲ್ಕೂ ಮನೆ ತುಂಬಿದಾಗ ತೂಕ ಸುಮಾರು 46,000 ಕೋಟಿ ಟನ್. ಈಗ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 52 ಕೋಟಿ ಟನ್ ಎಂದುಕೊಂಡರೆ ಒಂಬತ್ತು ನೂರು ವರ್ಷಗಳ ಬೆಳೆ ಅದು. ಹಲಗೆಯ ಎರಡನೆಯ ಅರ್ಧ ಮೊದಲ ಅರ್ಧದ 2³² ಪಟ್ಟು, ಅಂದರೆ 429 ಕೋಟಿಗೂ ಮಿಕ್ಕಿದ ಪಟ್ಟು.

ಇಷ್ಟು ದೊಡ್ಡ ಘಾತವನ್ನು ಕಾಗದದ ಮೇಲೆ ಕಂಡುಹಿಡಿಯಲು ಅರವತ್ತನಾಲ್ಕು ಸಲ ಗುಣಿಸಬೇಕಿಲ್ಲ. ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು ಗುರುಗಳ ವಿನ್ಯಾಸಗಳನ್ನು ಎಣಿಸಲು ಕೊಟ್ಟ ಸೂತ್ರ ಇಲ್ಲಿ ಹಾಗೆಯೇ ಅನ್ವಯಿಸುತ್ತದೆ. ಘಾತದ ಅಂಕಿ ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದು ಕಳೆ. ಸೊನ್ನೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗುತ್ತ, ಕಳೆದಲ್ಲಿ ಎರಡರಿಂದ ಗುಣಿಸು, ಅರ್ಧ ಮಾಡಿದಲ್ಲಿ ವರ್ಗ ಮಾಡು. ಅರವತ್ತನಾಲ್ಕು ಆರು ಸಲ ಅರ್ಧವಾಗಿ ಒಂದಕ್ಕೆ ಇಳಿಯುತ್ತದೆ. ಹಿಂದಿರುಗುವಾಗ ಸಿಗುವುದು 2, 4, 16, 256, 65536, 4294967296, ಕೊನೆಗೆ 18446744073709551616. ಏಳು ಹೆಜ್ಜೆಗೆ ಕೆಲಸ ಮುಗಿಯಿತು. ಮಹಾವೀರಾಚಾರ್ಯ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ನಿಯಮ ಹೇಳುವಾಗ ಬಳಸಿದ್ದು ಇದೇ ಉಪಾಯವನ್ನು. ಇಂದಿನ ಗೂಢಲಿಪಿಯ ಪ್ರೋಗ್ರಾಮುಗಳೂ ದೊಡ್ಡ ಘಾತಗಳನ್ನು ಲೆಕ್ಕ ಹಾಕುವುದು ಮೂಲತಃ ಹೀಗೆಯೇ.

ಒಡೆಯುವ ಬಗೆ

ಎರಡು ವರ್ಗಗಳ ವ್ಯತ್ಯಾಸ ಎಂದರೆ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ ಎಂಬುದು ಶಾಲೆಯಲ್ಲಿ ಕಲಿತ ಸಂಗತಿ. 2⁶⁴ ಎಂಬುದು 2³²ರ ವರ್ಗ. ಆದ್ದರಿಂದ 2⁶⁴ − 1 = (2³² + 1)(2³² − 1). ಎರಡನೆಯ ಆವರಣ ಮತ್ತೆ ಅದೇ ರೀತಿ ಒಡೆಯುತ್ತದೆ, ಅದರ ಎರಡನೆಯದು ಮತ್ತೆ. ಅರವತ್ತನಾಲ್ಕು ಸ್ವತಃ ಎರಡರ ಘಾತವಾದ್ದರಿಂದ ಈ ಒಡೆತ ಎಲ್ಲೂ ಸಿಕ್ಕಿಕೊಳ್ಳದೆ ಕೆಳಗಿನವರೆಗೂ ಹೋಗುತ್ತದೆ:

2⁶⁴ − 1 = 3 × 5 × 17 × 257 × 65537 × 4294967297

ಬಲಗಡೆಯ ಆರೂ ಸಂಖ್ಯೆಗಳು ಫರ್ಮಾ ಸಂಖ್ಯೆಗಳು. ಪ್ರತಿಯೊಂದೂ ಹಿಂದಿನದರಿಂದ ಒಂದು ಕಳೆದು, ವರ್ಗ ಮಾಡಿ, ಮತ್ತೆ ಒಂದು ಕೂಡಿಸಿದ್ದು. ಇವನ್ನು ಸೊನ್ನೆಯನೆಯದರಿಂದ ಐದನೆಯದರವರೆಗೆ ಎಣಿಸುವುದು ವಾಡಿಕೆ. ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ, ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯಗಳೆಂದು ತನಗೆ ನಂಬಿಕೆಯಿದೆ, ಸಾಧನೆ ಮಾತ್ರ ಕೈಗೆ ಸಿಕ್ಕಿಲ್ಲ ಎಂದು ಪತ್ರದಲ್ಲಿ ಬರೆದ. 65537ರವರೆಗೆ ಅವನ ಮಾತು ನಿಜ. ಮುಂದಿನದು ಹತ್ತಂಕಿಯ ಸಂಖ್ಯೆ.

ತೊಂಬತ್ತು ವರ್ಷಗಳ ನಂತರ ಗಣಿತಜ್ಞ ಗೋಲ್ಡ್‌ಬಾಖ್ ಈ ಪ್ರಶ್ನೆಯನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಲಿಯೊನಾರ್ಡ್ ಆಯ್ಲರನ ಕಿವಿಗೆ ಹಾಕಿದ. 1732ರಲ್ಲಿ ಆಯ್ಲರ್ ಕೊಟ್ಟ ಉತ್ತರ: 4294967297 = 641 × 6700417. ಫರ್ಮಾನ ಊಹೆ ಬಿದ್ದುಹೋಯಿತು. ಆಯ್ಲರ್ ಮುಂದೆ ಸಾಧಿಸಿ ತೋರಿಸಿದ ನಿಯಮದ ಮೂಲಕ ನೋಡಿದರೆ ಹುಡುಕಾಟ ಎಷ್ಟು ಕಿರಿದಾಗುತ್ತದೆಂದು ತಿಳಿಯುತ್ತದೆ. ಯಾವುದೋ ಅವಿಭಾಜ್ಯ 2³² + 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ ಅದರಿಂದ ಭಾಗಿಸಿದರೆ 2³²ಕ್ಕೆ ಶೇಷ −1, 2⁶⁴ಕ್ಕೆ ಶೇಷ 1. ಎಂದರೆ ಎರಡರ ಘಾತಗಳ ಶೇಷಗಳು ಸರಿಯಾಗಿ ಅರವತ್ತನಾಲ್ಕು ಹೆಜ್ಜೆಗೆ ಒಂದು ಸುತ್ತು ಮುಗಿಸುತ್ತವೆ. ಇನ್ನೊಂದೆಡೆ, ಬೆಸ ಅವಿಭಾಜ್ಯ ಯಾವುದಾದರೂ ಅದಕ್ಕಿಂತ ಒಂದು ಕಡಿಮೆಯಾದ ಘಾತದಲ್ಲಿ ಎರಡರ ಶೇಷ 1 ಆಗಲೇಬೇಕು. ಇದು ಫರ್ಮಾನದೇ ಪ್ರಮೇಯ. ಎರಡನ್ನೂ ಸೇರಿಸಿದರೆ ಆ ಅವಿಭಾಜ್ಯ 64ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯದಕ್ಕೇ ಬೀಗ ತೆರೆಯಿತು. ಫರ್ಮಾ ಕೊಟ್ಟ ಆಯುಧದಿಂದಲೇ ಫರ್ಮಾನ ಊಹೆ ಮುರಿದದ್ದು ಸಂಖ್ಯಾಸಿದ್ಧಾಂತದ ಇತಿಹಾಸದ ಮನಮುಟ್ಟುವ ಘಟನೆಗಳಲ್ಲೊಂದು. ಅವನು ಈ ನಾಲ್ಕಾರು ಭಾಗಾಕಾರಗಳನ್ನು ಮಾಡಿ ನೋಡಿದ್ದರೆ ತಾನೇ ಕಾಣುತ್ತಿದ್ದ.

641 ಭಾಗಿಸುತ್ತದೆ ಎಂಬುದನ್ನು ಭಾಗಾಕಾರವಿಲ್ಲದೆಯೂ ತೋರಿಸಬಹುದು. 641ನ್ನು ಎರಡು ಬಗೆಯಲ್ಲಿ ಬರೆಯಿರಿ: 5 × 2⁷ + 1 ಮತ್ತು 5⁴ + 2⁴. ಮೊದಲನೆಯದರ ಪ್ರಕಾರ 5 × 2⁷ಕ್ಕೆ ಶೇಷ −1, ಅದರ ನಾಲ್ಕನೆಯ ಘಾತ 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟರೆ −2³²ಕ್ಕೆ ಶೇಷ 1, ಅರ್ಥಾತ್ 2³² + 1ಕ್ಕೆ ಶೇಷ ಸೊನ್ನೆ. ಉಳಿದ 6700417 ಅವಿಭಾಜ್ಯವೇ. ಅದರ ವರ್ಗಮೂಲ 2589ನ್ನೂ ಮುಟ್ಟುವುದಿಲ್ಲ, ಅಷ್ಟರೊಳಗೆ 64ರ ಗುಣಕಕ್ಕೆ ಒಂದು ಸೇರಿದ ಅವಿಭಾಜ್ಯಗಳು ಕೆಲವೇ ಇವೆ, ಯಾವುದೂ ಅದನ್ನು ಭಾಗಿಸದು.

ಹೀಗೆ 2⁶⁴ − 1ರ ಪೂರ್ಣ ಒಡೆತ 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯಗಳು, ಯಾವುದೂ ಎರಡನೆಯ ಸಲ ಬರುವುದಿಲ್ಲ. ಅದರಿಂದ ಭಾಜಕಗಳ ಸಂಖ್ಯೆ 2⁷, ಅಂದರೆ 128. ಆ ಭಾಜಕಗಳನ್ನೆಲ್ಲ ಕೂಡಿದರೆ ಸಂಖ್ಯೆಯ ಸುಮಾರು 1.7 ಪಟ್ಟು ಆಗುತ್ತದೆ. ಎರಡು ಪಟ್ಟಿಗೆ ತಲುಪದ್ದರಿಂದ ಇದು ನ್ಯೂನ ಸಂಖ್ಯೆಗಳ ಗುಂಪಿಗೆ ಸೇರುತ್ತದೆ. ಅಂಕಿಗಳ ಮೊತ್ತ 87: ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಇಲ್ಲ. ಎಂಟರಿಂದ ಭಾಗಿಸಿದರೆ ಶೇಷ ಏಳು ಉಳಿಯುವುದರಿಂದ ಇದನ್ನು ಮೂರು ವರ್ಗಗಳ ಮೊತ್ತವಾಗಿ ಬರೆಯಲಾಗದು, ನಾಲ್ಕು ಬೇಕೇ ಬೇಕು.

ಇದೇ ಸೂತ್ರ ಇನ್ನೊಂದು ಸತ್ಯವನ್ನೂ ಹೊರತರುತ್ತದೆ. ಮೊದಲ ಆರು ಫರ್ಮಾ ಸಂಖ್ಯೆಗಳ ಗುಣಲಬ್ಧಕ್ಕೆ ಎರಡು ಸೇರಿಸಿದರೆ ಮುಂದಿನ ಫರ್ಮಾ ಸಂಖ್ಯೆ, 2⁶⁴ + 1. ಆದ್ದರಿಂದ ಮುಂದಿನದಕ್ಕೂ ಹಿಂದಿನ ಯಾವುದಕ್ಕೂ ಸಾಮಾನ್ಯ ಅಪವರ್ತನ ಇದ್ದರೆ ಅದು ಎರಡನ್ನು ಭಾಗಿಸಬೇಕು. ಎಲ್ಲವೂ ಬೆಸವಾದ್ದರಿಂದ ಅದು ಅಸಾಧ್ಯ. ಸಾಲಿನ ಎಲ್ಲೇ ನೋಡಿದರೂ ಇದೇ ಸ್ಥಿತಿ, ಪ್ರತಿ ಫರ್ಮಾ ಸಂಖ್ಯೆಯೂ ಹೊಸ ಅವಿಭಾಜ್ಯವನ್ನು ತರಲೇಬೇಕು. ಅವಿಭಾಜ್ಯಗಳು ಅನಂತವೆಂಬುದಕ್ಕೆ ಗೋಲ್ಡ್‌ಬಾಖ್ 1730ರಲ್ಲಿ ಕೊಟ್ಟ ಸಾಧನೆಯ ತಿರುಳು ಇದೇ.

ಕೈವಾರ ಮತ್ತು ಮೇರುಪ್ರಸ್ತಾರ

ಕಾರ್ಲ್ ಫ್ರೀಡ್ರಿಖ್ ಗೌಸ್ 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲು, ಅಳತೆಗೆರೆಗಳಿಲ್ಲದ ಪಟ್ಟಿ ಮತ್ತು ಕೈವಾರಗಳಿಂದಲೇ ಹದಿನೇಳು ಬಾಹುಗಳ ನಿಯಮಿತ ಬಹುಭುಜವನ್ನು ರಚಿಸಬಹುದೆಂದು ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು ಎಂಬುದು 1801ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ. ‘ಇರಬೇಕು’ ಎಂಬ ಭಾಗಕ್ಕೆ ಸಾಧನೆ ಕೊಟ್ಟವನು 1837ರಲ್ಲಿ ವಾಂಟ್ಸೆಲ್. ತಿಳಿದಿರುವ ಫರ್ಮಾ ಅವಿಭಾಜ್ಯಗಳು ಐದೇ: 3, 5, 17, 257, 65537. ಇವುಗಳಿಂದ ಮೂವತ್ತೊಂದು ಬೆಸ ಬಹುಭುಜಗಳು ಸಾಧ್ಯ, ಅತಿ ದೊಡ್ಡದಕ್ಕೆ 4294967295 ಬಾಹುಗಳು, ಅಂದರೆ 2³² − 1. ಐದನೆಯ ಫರ್ಮಾ ಸಂಖ್ಯೆಯೂ ಅವಿಭಾಜ್ಯವಾಗಿದ್ದಿದ್ದರೆ 2⁶⁴ − 1 ಬಾಹುಗಳ ಬಹುಭುಜವೂ ಈ ಸಾಲಿಗೆ ಬರುತ್ತಿತ್ತು. 641 ಅದನ್ನು ತಡೆದಿದೆ.

ಈ ಸಂಗತಿಯನ್ನು ನಮ್ಮ ಹಳೆಯ ಛಂದಸ್ಸಿನ ಒಂದು ಚಿತ್ರದಲ್ಲಿ ಕಣ್ಣಾರೆ ನೋಡಬಹುದು. ಪಿಂಗಳನ ಮೇಲೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ವಿವರಿಸುವ ಮೇರುಪ್ರಸ್ತಾರವನ್ನು ತೆಗೆದುಕೊಳ್ಳಿ. ಪಾಸ್ಕಲನ ತ್ರಿಕೋನವೆಂದು ಶಾಲೆಯ ಪುಸ್ತಕಗಳಲ್ಲಿ ಬರುವುದು ಅದೇ. ಬೆಸ ಸಂಖ್ಯೆ ಇದ್ದಲ್ಲಿ 1, ಸಮ ಇದ್ದಲ್ಲಿ 0 ಬರೆಯಿರಿ. ಸಾಲುಗಳು 1, 11, 101, 1111, 10001 ಎಂದು ಇಳಿಯುತ್ತವೆ. ಪ್ರತಿ ಸಾಲನ್ನೂ ದ್ವಿಮಾನ ಪದ್ಧತಿಯ ಸಂಖ್ಯೆಯೆಂದು ಓದಿದರೆ 1, 3, 5, 15, 17, 51, 85, 255, 257… ಮೊದಲ ಒಂದನ್ನು ಬಿಟ್ಟರೆ ಮೂವತ್ತೆರಡನೆಯ ಸಾಲಿನವರೆಗೆ ಬರುವವು ಸರಿಯಾಗಿ ಗೌಸನ ಮೂವತ್ತೊಂದು ಬೆಸ ಬಹುಭುಜಗಳು, ಅದೂ ಏರಿಕೆಯ ಕ್ರಮದಲ್ಲಿ. ಮೂವತ್ತಮೂರನೆಯ ಸಾಲು 4294967297ನ್ನು ಕೊಡುತ್ತದೆ, ಅಲ್ಲಿಗೆ ಬಹುಭುಜಗಳ ನಂಟು ಕಡಿಯುತ್ತದೆ. ಪ್ರಸ್ತಾರ ಮಾತ್ರ ಮುಂದುವರಿದು ಅರವತ್ತನಾಲ್ಕನೆಯ ಸಾಲಿನಲ್ಲಿ ಅರವತ್ತನಾಲ್ಕು ಒಂದುಗಳನ್ನು ಎಡೆಬಿಡದೆ ಜೋಡಿಸುತ್ತದೆ. ಅದು ನಮ್ಮ ಸಂಖ್ಯೆ. ಛಂದಸ್ಸಿನ ಎಣಿಕೆ, ಗ್ರೀಕರ ರೇಖಾಗಣಿತ, ಫರ್ಮಾನ ಊಹೆ ಮೂರೂ ಒಂದೇ ಕೋಷ್ಟಕದಲ್ಲಿ ಕೂಡುವ ಈ ಜಾಗವನ್ನು ಪಠ್ಯಪುಸ್ತಕಗಳು ಏಕೆ ತೋರಿಸುವುದಿಲ್ಲವೋ ತಿಳಿಯದು. ಹೈಸ್ಕೂಲಿನ ವಿದ್ಯಾರ್ಥಿ ಒಂದು ಚೌಕಳಿ ಹಾಳೆಯ ಮೇಲೆ ಒಂದು ಮಧ್ಯಾಹ್ನದಲ್ಲಿ ಇದನ್ನು ಬರೆದು ನೋಡಬಲ್ಲ.

ಹನೋಯ್ ಗೋಪುರ

ಎಡ್ವಾರ್ ಲ್ಯೂಕಾ 1883ರಲ್ಲಿ ಗುಪ್ತನಾಮದಲ್ಲಿ ಮಾರುಕಟ್ಟೆಗೆ ಬಿಟ್ಟ ಆಟಿಕೆಯಲ್ಲಿ ಮೂರು ಕಂಬಗಳು, ಒಂದು ಕಂಬದಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ಪೇರಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದನ್ನೇ ಸರಿಸಬೇಕು, ಚಿಕ್ಕದರ ಮೇಲೆ ದೊಡ್ಡದು ಕೂರಬಾರದು, ಕಟ್ಟು ಪೂರ್ತಿ ಇನ್ನೊಂದು ಕಂಬಕ್ಕೆ ಹೋಗಬೇಕು. ಬಿಲ್ಲೆ ಒಂದು ಹೆಚ್ಚಾದಾಗ ಬೇಕಾದ ನಡೆಗಳು ಇಮ್ಮಡಿಯಾಗಿ ಮೇಲೊಂದು ಸೇರುತ್ತದೆ, ಹಾಗಾಗಿ ಅರವತ್ತನಾಲ್ಕು ಬಿಲ್ಲೆಗಳಿಗೆ ಕನಿಷ್ಠ 2⁶⁴ − 1 ನಡೆಗಳು ಬೇಕು. ಕಾಶಿಯ ದೇವಾಲಯದಲ್ಲಿ ಅರ್ಚಕರು ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಸರಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂಬ ಕಥೆ ಆಟಿಕೆಯ ಬೆನ್ನಿಗೇ ಫ್ರಾನ್ಸಿನಲ್ಲಿ ಹೆಣೆದದ್ದು. ಕಾಶಿಯ ಯಾವ ಸಂಪ್ರದಾಯಕ್ಕೂ ಸಂಬಂಧಿಸಿದ್ದಲ್ಲ. ಸೆಕೆಂಡಿಗೆ ಒಂದರಂತೆ ಸರಿಸಿದರೆ ಹಿಡಿಯುವ ಕಾಲ ಸುಮಾರು 58,450 ಕೋಟಿ ವರ್ಷ. ವಿಶ್ವದ ವಯಸ್ಸು ಇಂದಿಗೆ 1,380 ಕೋಟಿ ವರ್ಷ.

ಕಂಪ್ಯೂಟರಿನಲ್ಲಿ

ದ್ವಿಮಾನದಲ್ಲಿ 2⁶⁴ − 1 ಎಂದರೆ ಅರವತ್ತನಾಲ್ಕು ಒಂದುಗಳು. 64 ಬಿಟ್ಟಿನ ಒಂದು ಪದದಲ್ಲಿ ಚಿಹ್ನೆಯಿಲ್ಲದೆ ಹಿಡಿಸಬಹುದಾದ ಅತಿ ದೊಡ್ಡ ಪೂರ್ಣಸಂಖ್ಯೆ ಇದು. ಇದಕ್ಕೆ ಒಂದು ಕೂಡಿಸಿದರೆ ಯಂತ್ರ ಸೊನ್ನೆಗೆ ಮರಳುತ್ತದೆ. ಧನ ಋಣ ಎರಡನ್ನೂ ಹಿಡಿಯುವ ಕ್ರಮದಲ್ಲಿ ಇದೇ ಅರವತ್ತನಾಲ್ಕು ಒಂದುಗಳಿಗೆ −1 ಎಂಬ ಅರ್ಥ. ದಶಮಾಂಶಗಳಿಗಾಗಿ ಕಂಪ್ಯೂಟರು ಬಳಸುವ ಸಾಮಾನ್ಯ ರೂಪದಲ್ಲಿ 53 ಬಿಟ್ಟುಗಳಷ್ಟೇ ನಿಖರತೆ ಇರುವುದರಿಂದ ಅಲ್ಲಿ ಇದು 2⁶⁴ ಆಗಿ ಮೇಲಕ್ಕೆ ಸರಿದುಬಿಡುತ್ತದೆ. ಎಕ್ಸೆಲ್ ಹಾಳೆಯಲ್ಲಿ ಇಪ್ಪತ್ತು ಅಂಕಿಗಳನ್ನೂ ಟೈಪ್ ಮಾಡಿದರೆ ಮೊದಲ ಹದಿನೈದು ಉಳಿದು ಕೊನೆಯ ಐದು ಸೊನ್ನೆಗಳಾಗುತ್ತವೆ. ಉದ್ದದ ಖಾತೆಸಂಖ್ಯೆ, ಗುರುತುಸಂಖ್ಯೆಗಳನ್ನು ಇಂಥ ಹಾಳೆಗಳಲ್ಲಿ ಅಂಕಿಯಾಗಿ ತುಂಬಬಾರದು, ಅಕ್ಷರಪಠ್ಯವಾಗಿ ತುಂಬಬೇಕು ಎನ್ನುವುದು ಇದಕ್ಕೇ.

ಈ ಗಡಿಯ ಕೆಳಗೆ ಅವಿಭಾಜ್ಯಗಳು ಎಷ್ಟಿವೆ ಎಂಬುದು ನಿಖರವಾಗಿ ಗೊತ್ತಿದೆ: 425656284035217743. ಸರಾಸರಿ ನಲವತ್ತಮೂರಕ್ಕೆ ಒಂದು. ಅವುಗಳಲ್ಲಿ ಕೊನೆಯದು 2⁶⁴ − 59, ಅಂದರೆ 18446744073709551557. ಈ ಗಡಿಯೊಳಗಿನ ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಮಿಲ್ಲರ್–ರಾಬಿನ್ ಪರೀಕ್ಷೆಯನ್ನು 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳ ಮೇಲೆ ನಡೆಸಿದರೆ ಸಾಕು, ಸಂಶಯಕ್ಕೆ ಎಡೆ ಉಳಿಯುವುದಿಲ್ಲ.

ಏಳು ಅವಿಭಾಜ್ಯಗಳ ಆ ಒಡೆತ ಬರಿಯ ಅಂದಕ್ಕಲ್ಲ, ಕೆಲಸಕ್ಕೂ ಬರುತ್ತದೆ. ಜಾರ್ಜ್ ಮಾರ್ಸಾಲಿಯ 2003ರಲ್ಲಿ ಪ್ರಕಟಿಸಿದ ‘ಎಕ್ಸರ್‌ಶಿಫ್ಟ್’ ಎಂಬ ಯಾದೃಚ್ಛಿಕ ಸಂಖ್ಯಾಜನಕ 64 ಬಿಟ್ಟುಗಳ ಒಂದು ಸ್ಥಿತಿಯನ್ನು ಅತ್ತಿತ್ತ ಜರುಗಿಸಿ ಮುಂದಿನ ಸ್ಥಿತಿ ಮಾಡುತ್ತದೆ. ಎಲ್ಲ ಸೊನ್ನೆಯ ಸ್ಥಿತಿಯೊಂದನ್ನು ಬಿಟ್ಟರೆ ಉಳಿಯುವ ಸ್ಥಿತಿಗಳು 2⁶⁴ − 1. ಒಂದೂ ತಪ್ಪದೆ ಎಲ್ಲವನ್ನೂ ಸುತ್ತಿ ಬರುತ್ತದೆಯೇ? ಸುತ್ತಿಯೇ ನೋಡಹೊರಟರೆ ಹನೋಯ್ ಗೋಪುರದ ಪಾಡು. ಬದಲಿಗೆ, 2⁶⁴ − 1 ಹೆಜ್ಜೆಗೆ ಮೊದಲಿನ ಸ್ಥಿತಿಗೆ ಬರುತ್ತದೆಂದು ಖಚಿತಪಡಿಸಿಕೊಂಡು, ಆ ಸಂಖ್ಯೆಯನ್ನು ಏಳು ಅವಿಭಾಜ್ಯಗಳಲ್ಲಿ ಒಂದೊಂದರಿಂದ ಭಾಗಿಸಿದಷ್ಟು ಹೆಜ್ಜೆಗೆ ಬರುವುದಿಲ್ಲವೆಂದು ತೋರಿಸಿದರೆ ಮುಗಿಯಿತು. ಎಂಟು ಪರೀಕ್ಷೆಗಳು, ಪ್ರತಿಯೊಂದಕ್ಕೂ ಪಿಂಗಳನ ವರ್ಗ ಮಾಡುವ ದಾರಿ. ಆಯ್ಲರ್ ಕಂಡ 641 ಇಲ್ಲಿ ದಿನನಿತ್ಯದ ಲೆಕ್ಕದೊಳಗೆ ಕೂತಿದೆ.

ನೆರೆಯ ಸಂಖ್ಯೆಗಳು

ಗಾತ್ರಕ್ಕೂ ಕಷ್ಟಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಕಾಣಲು ಕೇವಲ ಎರಡು ಹೆಜ್ಜೆ ಆಚೆಗಿನ 2⁶⁴ + 1 ಸಾಕು. ಅದೂ ಇಪ್ಪತ್ತು ಅಂಕಿಯದೇ, ಆದರೆ ಹಿಡಿತ ಸಿಗುವ ಯಾವ ಬಿರುಕೂ ಅದರಲ್ಲಿಲ್ಲ. 1880ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಫ್ರಾನ್ಸಿನ ಲಾಂದ್ರಿ ಅದನ್ನು 274177 × 67280421310721 ಎಂದು ಒಡೆದ. ಅದರಿಂದ 2¹²⁸ − 1ರ ಒಡೆತವೂ ಪೂರ್ಣವಾಯಿತು, ಏಕೆಂದರೆ ಅದು ನಮ್ಮ ಸಂಖ್ಯೆ ಮತ್ತು ಈ ಸಂಖ್ಯೆಗಳ ಗುಣಲಬ್ಧ. ಏಳನೆಯ ಫರ್ಮಾ ಸಂಖ್ಯೆ 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಕೈಗೆ, ಎಂಟನೆಯದು 1980ರಲ್ಲಿ ಬ್ರೆಂಟ್ ಮತ್ತು ಪೊಲಾರ್ಡ್ ಕೈಗೆ ಸಿಕ್ಕಿತು. ಒಂಬತ್ತು, ಹತ್ತು, ಹನ್ನೊಂದನೆಯವೂ ಇಪ್ಪತ್ತನೆಯ ಶತಮಾನ ಮುಗಿಯುವುದರೊಳಗೆ ಪೂರ್ತಿ ಒಡೆದವು. ಹೀಗೆ 2⁴⁰⁹⁶ − 1ರವರೆಗೆ ಈ ಸಾಲಿನ ಎಲ್ಲ ಸಂಖ್ಯೆಗಳ ಅವಿಭಾಜ್ಯಗಳೂ ತಿಳಿದಿವೆ. ಅದರ ಮುಂದಿನ 2⁸¹⁹² − 1ಕ್ಕೆ ಬೇಕಾದ ಹನ್ನೆರಡನೆಯ ಫರ್ಮಾ ಸಂಖ್ಯೆಯಿಂದ ಕೆಲವು ಅಪವರ್ತನಗಳನ್ನು ಹೊರತೆಗೆದಿದ್ದಾರೆ. ಉಳಿದಿರುವ ಸಾವಿರ ಅಂಕಿಗೂ ಮಿಕ್ಕಿದ ತುಂಡು ಅವಿಭಾಜ್ಯವಲ್ಲ ಎಂಬುದಷ್ಟೇ ಗೊತ್ತು, ಅದನ್ನು ಒಡೆಯಲು ಇನ್ನೂ ಆಗಿಲ್ಲ.